ಹಂಟ್ಸ್‌ವಿಲ್‌ನ ಐಸ್ ಹಾಕಿ ತಂಡ ಯಾಕೆ ಉಳಿಯಲಿಲ್ಲ?

2020ರ ಮೇ ತಿಂಗಳಲ್ಲಿ ಅಮೆರಿಕದ ಅಲಬಾಮಾ ರಾಜ್ಯದ ಹಂಟ್ಸ್‌ವಿಲ್ ಊರಿನ ವಿಶ್ವವಿದ್ಯಾಲಯ ತನ್ನ ಐಸ್ ಹಾಕಿ ತಂಡವನ್ನು ಮುಚ್ಚುವುದಾಗಿ ಹೇಳಿತು. ಕೊರೊನಾ ಬಂದು ಎಲ್ಲರ ಲೆಕ್ಕ ತಪ್ಪಿದ ಕಾಲ ಅದು. ಹಳೆಯ ಆಟಗಾರರು, ಊರಿನವರು, ದೂರದ ಅಭಿಮಾನಿಗಳು ಸುಮ್ನೆ ಕೂರಲಿಲ್ಲ. ಒಂದೇ ವಾರದಲ್ಲಿ ಏಳೂವರೆ ಲಕ್ಷ ಡಾಲರ್ ಹೊಂದಿಸಿದರು. ವಿಶ್ವವಿದ್ಯಾಲಯ ನಿರ್ಧಾರ ಬದಲಿಸಿತು. ತಂಡ ಉಳಿಯಿತು.

ಒಂದು ವರ್ಷ ಕಳೆಯಿತು. 2021ರ ಮೇ ತಿಂಗಳಲ್ಲಿ ಅದೇ ತಂಡ ನಿಂತೇ ಹೋಯಿತು. ಈ ಸಲ ಮುಖ್ಯ ಕಾರಣ ದುಡ್ಡಲ್ಲ. ಆ ತಂಡವನ್ನು ಸೇರಿಸಿಕೊಳ್ಳಲು ಯಾವ ಕಾನ್ಫರೆನ್ಸೂ, ಅಂದರೆ ಕಾಲೇಜುಗಳು ಕಟ್ಟಿಕೊಂಡ ಯಾವ ಗುಂಪೂ, ಮುಂದೆ ಬರಲಿಲ್ಲ. ಆಮೇಲೆ ಹಂಟ್ಸ್‌ವಿಲ್‌ನ ತಂಡ ಕಾಲೇಜು ಹಾಕಿಯ ಮೇಲಿನ ಮಟ್ಟದಲ್ಲಿ ಆಡಿಲ್ಲ.

ಪ್ರಶಸ್ತಿ ಗೆದ್ದ ತಂಡ, ಉತ್ತರ ಅಮೆರಿಕದ ದೊಡ್ಡ ವೃತ್ತಿಪರ ಹಾಕಿ ಲೀಗ್ ಆದ ಎನ್‌ಎಚ್‌ಎಲ್‌ಗೆ ಆಟಗಾರರನ್ನು ಕೊಟ್ಟ ತಂಡ, ಜನ ಕೈಯಿಂದ ದುಡ್ಡು ಹಾಕಿ ಉಳಿಸಿಕೊಂಡ ತಂಡ. ಅಂಥದ್ದು ಹೇಗೆ ಮುಳುಗಿತು? ಇದನ್ನು ಅರ್ಥ ಮಾಡಿಕೊಂಡರೆ ಅಮೆರಿಕದ ಕಾಲೇಜು ಕ್ರೀಡೆ ಒಳಗೆ ಹೇಗೆ ನಡೆಯುತ್ತದೆ ಅನ್ನುವುದು ಅರ್ಧ ಅರ್ಥವಾದ ಹಾಗೆ. ಮೈದಾನದ ಸೋಲು ಗೆಲುವುಗಳಿಗಿಂತ, ಯಾರು ಯಾರ ಜೊತೆ ಆಡಲು ಒಪ್ಪುತ್ತಾರೆ ಅನ್ನುವುದೇ ಅಲ್ಲಿ ಒಂದು ತಂಡದ ಆಯಸ್ಸನ್ನು ತೀರ್ಮಾನಿಸುತ್ತದೆ.

ಮೊದಲು ಆಟದ ಬಗ್ಗೆ ಎರಡು ಮಾತು. ಹಾಕಿ ಅಂದರೆ ನಮ್ಮ ಕಣ್ಣಿಗೆ ಬರುವುದು ಹುಲ್ಲಿನ ಅಥವಾ ಟರ್ಫ್ ಮೈದಾನ. ಇದು ಮಂಜುಗಡ್ಡೆಯ ಮೇಲೆ ಸ್ಕೇಟ್ ಹಾಕಿಕೊಂಡು ಆಡುವ ಆಟ. ಚೆಂಡಿನ ಬದಲು ಪಕ್ ಎಂಬ ಗಟ್ಟಿ ರಬ್ಬರಿನ ಬಿಲ್ಲೆ ಇರುತ್ತದೆ. ಗೋಲ್‌ಕೀಪರ್ ಸೇರಿ ಒಂದು ಕಡೆಗೆ ಆರು ಜನ. 20 ನಿಮಿಷದ ಮೂರು ಭಾಗ. ವೇಗ ಎಷ್ಟೆಂದರೆ ಒಬ್ಬ ಆಟಗಾರ ಒಮ್ಮೆಗೆ ಒಂದು ನಿಮಿಷವೂ ಮಂಜಿನ ಮೇಲೆ ಇರುವುದಿಲ್ಲ. ಓಡಿ, ಸುಸ್ತಾಗಿ, ಬೆಂಚಿಗೆ ಬಂದು ಇನ್ನೊಬ್ಬನನ್ನು ಕಳಿಸುತ್ತಾನೆ. ಹಾಗಾಗಿ ಒಂದು ಕಾಲೇಜು ತಂಡಕ್ಕೆ ಇಪ್ಪತ್ತೈದರ ಆಸುಪಾಸು ಆಟಗಾರರು ಬೇಕು. ಪ್ರತಿಯೊಬ್ಬನಿಗೂ ಸ್ಕೇಟು, ಹೆಲ್ಮೆಟ್ಟು, ಪ್ಯಾಡು, ಮುರಿಯುತ್ತಲೇ ಇರುವ ಸ್ಟಿಕ್ಕುಗಳು ಬೇಕು. ಇದರ ಮೇಲೆ ವರ್ಷದಲ್ಲಿ ಎಷ್ಟೋ ತಿಂಗಳು ಮಂಜು ಕರಗದಂತೆ ಕಾಯುವ ರಿಂಕ್ ಬೇಕು. ಒಟ್ಟಿನಲ್ಲಿ ದುಬಾರಿ ಆಟ.

ಈ ಕಾರಣಕ್ಕೇ ಡಿವಿಷನ್ ಒಂದು ಅನ್ನುವ ಮೇಲಿನ ಮಟ್ಟದಲ್ಲಿ ಪುರುಷರ ಬ್ಯಾಸ್ಕೆಟ್‌ಬಾಲ್ ಆಡುವ ಕಾಲೇಜುಗಳು 350ಕ್ಕೂ ಹೆಚ್ಚಿದ್ದರೆ, ಪುರುಷರ ಐಸ್ ಹಾಕಿ ಆಡುವವು ಅರವತ್ತಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಹೆಚ್ಚಿನವು ಮಿನ್ನೆಸೋಟ, ಮಿಷಿಗನ್, ಮ್ಯಾಸಚೂಸೆಟ್ಸ್, ನ್ಯೂಯಾರ್ಕ್ ಕಡೆಯ ಚಳಿ ಊರುಗಳಲ್ಲಿವೆ. ಅಲಬಾಮಾ ಇರುವುದು ದಕ್ಷಿಣದಲ್ಲಿ. ಅಲ್ಲಿ ಬೇಸಿಗೆ ಬೆವರಿಳಿಸುತ್ತದೆ, ಅಮೆರಿಕನ್ ಫುಟ್‌ಬಾಲ್ ಮನೆಮಾತು. ಹೆಪ್ಪುಗಟ್ಟಿದ ಕೆರೆಯ ಮೇಲೆ ಆಡಿ ಬೆಳೆಯುವ ಮಕ್ಕಳು ಅಲ್ಲಿಲ್ಲ.

ರಾಕೆಟ್ ಊರಿಗೆ ಹಾಕಿ ಬಂದದ್ದು

ಹಂಟ್ಸ್‌ವಿಲ್ ಆ ರಾಜ್ಯದಲ್ಲಿ ಸ್ವಲ್ಪ ಬೇರೆ ಥರದ ಊರು. 1950ರಲ್ಲಿ ವರ್ನರ್ ಫಾನ್ ಬ್ರೌನ್ ಮತ್ತು ಅವರ ಜೊತೆಯ ರಾಕೆಟ್ ಎಂಜಿನಿಯರುಗಳು ಅಲ್ಲಿಗೆ ಬಂದರು. 1960ರಲ್ಲಿ ನಾಸಾದ ಮಾರ್ಷಲ್ ಕೇಂದ್ರ ಶುರುವಾಯಿತು. ಮನುಷ್ಯನನ್ನು ಚಂದ್ರನಿಗೆ ಕಳಿಸಿದ ಸ್ಯಾಟರ್ನ್ ಐದು ರಾಕೆಟ್ ರೂಪುಗೊಂಡದ್ದು ಅಲ್ಲೇ. ಹತ್ತಿ ಬೆಳೆಯುವ ಸೀಮೆಯ ಪುಟ್ಟ ಪಟ್ಟಣಕ್ಕೆ ದೇಶದ ಎಲ್ಲ ಕಡೆಯಿಂದ ಎಂಜಿನಿಯರುಗಳು ಬಂದು ನೆಲೆಸಿದರು. ಉತ್ತರದಿಂದ ಬಂದವರಿಗೆ ಹಾಕಿ ಗೊತ್ತಿತ್ತು, ಬೇಕಿತ್ತು.

1979ರಲ್ಲಿ ಜೋ ರಿಚ್ ಅನ್ನುವವರ ಮುಂದಾಳತ್ವದಲ್ಲಿ ವಿಶ್ವವಿದ್ಯಾಲಯದ ಹಾಕಿ ಕ್ಲಬ್ ಹುಟ್ಟಿತು. ಕ್ಲಬ್ ಅಂದರೆ ವಿಶ್ವವಿದ್ಯಾಲಯದ ಅಧಿಕೃತ ತಂಡವಲ್ಲ. ಆಸಕ್ತ ಹುಡುಗರು ಸೇರಿ ಹೆಚ್ಚಾಗಿ ತಮ್ಮದೇ ಖರ್ಚಿನಲ್ಲಿ ಆಡುವ ವ್ಯವಸ್ಥೆ. 1982ರಲ್ಲಿ ಡಗ್ ರಾಸ್ ಕೋಚ್ ಆದರು. 1976ರ ಒಲಿಂಪಿಕ್ಸ್‌ನಲ್ಲಿ ಅಮೆರಿಕಕ್ಕೆ ಆಡಿದ್ದವರು ಅವರು. 2007ರವರೆಗೆ, ಅಂದರೆ 25 ವರ್ಷ ಅವರೇ ಈ ತಂಡವನ್ನು ನಡೆಸಿದರು. ಇಂಥ ಊರಿನಲ್ಲಿ ಒಬ್ಬ ಕೋಚ್ ಅಷ್ಟು ಕಾಲ ನಿಂತದ್ದು ಸಣ್ಣ ಮಾತಲ್ಲ. ಅವರ ಕಾಲದಲ್ಲೇ ಕ್ಲಬ್ಬು ವಿಶ್ವವಿದ್ಯಾಲಯದ ಅಧಿಕೃತ ತಂಡವಾಯಿತು. ತಂಡದ ಹೆಸರು ಚಾರ್ಜರ್ಸ್.

1990ರ ದಶಕದಲ್ಲಿ ಚಾರ್ಜರ್ಸ್ ಡಿವಿಷನ್ ಎರಡರಲ್ಲಿ ಆಡುತ್ತಿತ್ತು. ಆಗ ಅವರಿಗೆ ಸರಿಸಾಟಿ ಎದುರಾಳಿ ಮಿನ್ನೆಸೋಟದ ಬಿಮಿಜಿ ಸ್ಟೇಟ್. 1994ರ ಫೈನಲ್‌ನಲ್ಲಿ ಬಿಮಿಜಿ ಗೆದ್ದಿತು. 1996ರಲ್ಲಿ ಹಂಟ್ಸ್‌ವಿಲ್. 1997ರಲ್ಲಿ ಮತ್ತೆ ಬಿಮಿಜಿ. 1998ರಲ್ಲಿ ಮತ್ತೆ ಹಂಟ್ಸ್‌ವಿಲ್. ಬಿಮಿಜಿಯನ್ನು ನೆನಪಿಟ್ಟುಕೊಳ್ಳಿ. ಅದೇ ಮಟ್ಟದಲ್ಲಿ, ಅದೇ ಕಾಲದಲ್ಲಿ ಆಡಿದ ಆ ತಂಡ ಇಂದಿಗೂ ಇದೆ. ಯಾಕೆ ಅನ್ನುವುದರಲ್ಲೇ ಈ ಕಥೆಯ ಉತ್ತರ ಇದೆ.

ಆದರೆ ಡಿವಿಷನ್ ಎರಡೇ ಕರಗುತ್ತಿತ್ತು. ಅಲ್ಲಿ ಹಾಕಿ ಆಡುವ ಕಾಲೇಜುಗಳು ತೀರಾ ಕಡಿಮೆ. 1999ರ ನಂತರ ಆ ಮಟ್ಟದ ರಾಷ್ಟ್ರೀಯ ಪಂದ್ಯಾವಳಿಯನ್ನೇ ನಿಲ್ಲಿಸಿದರು. ಹಂಟ್ಸ್‌ವಿಲ್ 1998ರಲ್ಲೇ ಡಿವಿಷನ್ ಒಂದಕ್ಕೆ ಏರಿತು. ಹೊರಗಿನವರಿಗೆ ಇದು ಮಹತ್ವಾಕಾಂಕ್ಷೆ ಅನ್ನಿಸಬಹುದು. ನನಗೆ ಹಾಗೆ ಕಾಣುವುದಿಲ್ಲ. ನಿಂತ ನೆಲ ಕುಸಿಯುತ್ತಿರುವಾಗ ಮೇಲಿನ ಮೆಟ್ಟಿಲು ಹತ್ತುವುದು ಬಿಟ್ಟು ಬೇರೆ ದಾರಿ ಇರಲಿಲ್ಲ.

ಕಾನ್ಫರೆನ್ಸ್ ಅಂದರೇನು?

ಅಮೆರಿಕದ ಕಾಲೇಜು ಕ್ರೀಡೆಯನ್ನು ನೋಡಿಕೊಳ್ಳುವ ಸಂಸ್ಥೆ ಎನ್‌ಸಿಎಎ. ಆದರೆ ನಮ್ಮ ಕ್ರಿಕೆಟ್ ಮಂಡಳಿ ರಣಜಿ ಟ್ರೋಫಿಗೆ ಮಾಡುವ ಹಾಗೆ, ಯಾರು ಯಾರ ಮೇಲೆ ಯಾವಾಗ ಆಡಬೇಕು ಎಂದು ಅದು ಪಟ್ಟಿ ಹಾಕಿ ಕೊಡುವುದಿಲ್ಲ. ಕಾಲೇಜುಗಳೇ ತಮ್ಮ ತಮ್ಮಲ್ಲಿ ಗುಂಪು ಕಟ್ಟಿಕೊಳ್ಳುತ್ತವೆ. ಆ ಗುಂಪೇ ಕಾನ್ಫರೆನ್ಸ್. ಗುಂಪಿನೊಳಗೆ ಯಾರನ್ನು ಸೇರಿಸಬೇಕು, ಯಾರನ್ನು ಬಿಡಬೇಕು ಅನ್ನುವುದು ಸದಸ್ಯರ ಇಷ್ಟ. ಮೇಲಿನವರು ಯಾರೂ ಬಂದು ‘ಇವರನ್ನು ಸೇರಿಸಿಕೊಳ್ಳಿ’ ಎಂದು ಹೇಳುವುದಿಲ್ಲ.

ಕಾನ್ಫರೆನ್ಸ್‌ನಿಂದ ಏನು ಸಿಗುತ್ತದೆ? ಮೊದಲನೆಯದು ಪಂದ್ಯಗಳು. ಕಾಲೇಜು ಹಾಕಿಯಲ್ಲಿ ಸಾಮಾನ್ಯವಾಗಿ ಒಂದೇ ಎದುರಾಳಿಯ ಮೇಲೆ ಶುಕ್ರವಾರ ಒಂದು, ಶನಿವಾರ ಒಂದು ಪಂದ್ಯ ಆಡುತ್ತಾರೆ. ಹುಡುಗರು ವಾರದ ದಿನ ಕ್ಲಾಸಿಗೆ ಹೋಗಬೇಕು, ಒಂದೇ ಪ್ರಯಾಣದಲ್ಲಿ ಎರಡು ಪಂದ್ಯ ಮುಗಿಯಬೇಕು ಅನ್ನುವ ಲೆಕ್ಕ. ಸೀಸನ್ ಅಕ್ಟೋಬರ್‌ನಲ್ಲಿ ಶುರುವಾಗುತ್ತದೆ. ಹೊಸ ವರ್ಷ ಬಂದ ಮೇಲೆ ಹೆಚ್ಚಿನ ತಂಡಗಳು ತಮ್ಮ ಕಾನ್ಫರೆನ್ಸ್ ಒಳಗೇ ಆಡುತ್ತವೆ. ಕಾನ್ಫರೆನ್ಸ್ ಇಲ್ಲದ ತಂಡಕ್ಕೆ ಆಗ ಆಡಲು ಜೊತೆ ಸಿಗುವುದೇ ಕಷ್ಟ.

ಎರಡನೆಯದು ರಾಷ್ಟ್ರೀಯ ಪಂದ್ಯಾವಳಿಗೆ ದಾರಿ. 2003ರಿಂದ ಅದರಲ್ಲಿ 16 ತಂಡಗಳು ಆಡುತ್ತವೆ. ಅರ್ಹತೆ ಪಡೆದ ಪ್ರತಿ ಕಾನ್ಫರೆನ್ಸ್‌ನ ಚಾಂಪಿಯನ್‌ಗೆ ನೇರ ಪ್ರವೇಶ. ಉಳಿದ ಜಾಗಗಳನ್ನು ರ‍್ಯಾಂಕಿಂಗ್ ನೋಡಿ ತುಂಬುತ್ತಾರೆ. ಆ ರ‍್ಯಾಂಕಿಂಗ್‌ನಲ್ಲಿ ನೀವು ಎಷ್ಟು ಗೆದ್ದಿರಿ ಅನ್ನುವುದರ ಜೊತೆಗೆ ಎಂಥವರ ಮೇಲೆ ಗೆದ್ದಿರಿ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಸಣ್ಣ ತಂಡಕ್ಕೆ ರ‍್ಯಾಂಕಿಂಗ್ ಮೂಲಕ ಒಳಗೆ ಹೋಗುವುದು ಬಹಳ ಕಷ್ಟ. ಕಾನ್ಫರೆನ್ಸ್ ಗೆಲ್ಲುವುದೇ ಅದಕ್ಕಿರುವ ಬಾಗಿಲು.

ಮೂರನೆಯದನ್ನು ಜನ ಮರೆಯುತ್ತಾರೆ. ಅದು ಹುಡುಗರ ನಂಬಿಕೆ. ಐಸ್ ಹಾಕಿಯಲ್ಲಿ ಕಾಲೇಜು ಸೇರುವವರು ಹೈಸ್ಕೂಲ್ ಮುಗಿಸಿದ ಹೊಸಬರಲ್ಲ. ಹೆಚ್ಚಿನವರು ಒಂದೆರಡು ವರ್ಷ ಜೂನಿಯರ್ ಲೀಗ್‌ಗಳಲ್ಲಿ ಆಡಿ, 19, 20 ವರ್ಷವಾದ ಮೇಲೆ ಬರುತ್ತಾರೆ. ಅವರಿಗೆ ಉಳಿದಿರುವುದು ನಾಲ್ಕೇ ವರ್ಷ. ಆ ನಾಲ್ಕು ವರ್ಷ ತಂಡ ಇರುತ್ತದೋ ಇಲ್ಲವೋ ಅನ್ನುವ ಕಡೆಗೆ ಯಾವ ಒಳ್ಳೆಯ ಆಟಗಾರ ಬರುತ್ತಾನೆ? ಅವನ ತಂದೆ ತಾಯಿ ತಾನೇ ಒಪ್ಪುತ್ತಾರಾ?

ಹಂಟ್ಸ್‌ವಿಲ್‌ಗೆ 1999ರಲ್ಲಿ ಸಿಕ್ಕ ಮನೆ ಕಾಲೇಜ್ ಹಾಕಿ ಅಮೆರಿಕ ಎಂಬ ಹೊಸ ಕಾನ್ಫರೆನ್ಸ್. ಬೇರೆ ಎಲ್ಲೂ ಜಾಗ ಸಿಗದವರು ಸೇರಿ ಕಟ್ಟಿದ ಗುಂಪು ಅದು. ಬಿಮಿಜಿ, ನಯಾಗರ, ಸೇನಾ ಅಕಾಡೆಮಿಗಳಾದ ಏರ್ ಫೋರ್ಸ್ ಮತ್ತು ಆರ್ಮಿ, ವೇಯ್ನ್ ಸ್ಟೇಟ್, ಫಿಂಡ್ಲೆ. ಊರಿಂದ ಊರಿಗೆ ದೂರ ಜಾಸ್ತಿ, ಹಳೆಯ ಸಂಬಂಧ ಏನೂ ಇಲ್ಲ. ಹಾಗಾಗಿ ಒಬ್ಬೊಬ್ಬರೇ ಹೊರಟರು. ಆರ್ಮಿ ಬೇಗನೇ ಬಿಟ್ಟಿತು. ಫಿಂಡ್ಲೆ 2004ರಲ್ಲಿ ತಂಡವನ್ನೇ ನಿಲ್ಲಿಸಿತು. ರಾಬರ್ಟ್ ಮಾರಿಸ್ ವಿಶ್ವವಿದ್ಯಾಲಯ ಹೊಸದಾಗಿ ಸೇರಿತು. 2006ರಲ್ಲಿ ಏರ್ ಫೋರ್ಸ್ ಹೋಯಿತು. 2008ರಲ್ಲಿ ವೇಯ್ನ್ ಸ್ಟೇಟ್ ತಂಡವನ್ನು ಮುಚ್ಚಿತು. ಕೊನೆಗೆ ಉಳಿದದ್ದು ನಾಲ್ಕು ತಂಡ.

ಹೀಗೆ ಗುಂಪು ಕರಗುತ್ತಿರುವಾಗಲೇ ಚಾರ್ಜರ್ಸ್ ತಮ್ಮ ಒಳ್ಳೆಯ ದಿನಗಳನ್ನು ಕಂಡರು. 2007ರಲ್ಲಿ ಕಾನ್ಫರೆನ್ಸ್ ಪಂದ್ಯಾವಳಿ ಗೆದ್ದು ಮೊದಲ ಸಲ ಡಿವಿಷನ್ ಒಂದರ ರಾಷ್ಟ್ರೀಯ ಪಂದ್ಯಾವಳಿಗೆ ಹೋದರು. ಅಲ್ಲಿ ಎದುರಿಗೆ ಬಲಿಷ್ಠ ನೋಟ್ರ್ ಡೇಮ್. ಸೀಸನ್‌ನಲ್ಲಿ ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚಿದ್ದ ಹಂಟ್ಸ್‌ವಿಲ್ ಆ ಪಂದ್ಯವನ್ನು ಎರಡನೇ ಓವರ್‌ಟೈಮ್‌ವರೆಗೆ ಎಳೆದು 3-2ರಿಂದ ಸೋತಿತು. 2010ರಲ್ಲಿ ನಯಾಗರವನ್ನು ಫೈನಲ್‌ನ ಓವರ್‌ಟೈಮ್‌ನಲ್ಲಿ ಸೋಲಿಸಿ ಮತ್ತೆ ಒಳಗೆ ಹೋಯಿತು. ಈ ಸಲ ಎದುರಾಳಿ ಆ ವರ್ಷದ ಅಗ್ರ ಶ್ರೇಯಾಂಕದ ಮಯಾಮಿ, ಅಂದರೆ ಒಹಾಯೊ ರಾಜ್ಯದ ಮಯಾಮಿ ವಿಶ್ವವಿದ್ಯಾಲಯ. ಸೋತದ್ದು 2-1ರಿಂದ.

ಆ ದಿನ ಹಂಟ್ಸ್‌ವಿಲ್‌ನ ಗೋಲಿನ ಮುಂದೆ ನಿಂತಿದ್ದವನು ಕ್ಯಾಮ್ ಟಾಲ್ಬಟ್. ಕೆನಡಾದ ಒಂಟಾರಿಯೊದಿಂದ ಬಂದ ಹುಡುಗ. ಎನ್‌ಎಚ್‌ಎಲ್ ತಂಡಗಳು ಕಿರಿಯ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ ಯಾರೂ ಅವನನ್ನು ಆರಿಸಿರಲಿಲ್ಲ. ಹಂಟ್ಸ್‌ವಿಲ್‌ನಲ್ಲಿ ಮೂರು ವರ್ಷ ಆಡಿ ನ್ಯೂಯಾರ್ಕ್ ರೇಂಜರ್ಸ್ ಸೇರಿದ. ಮುಂದೆ ಎಡ್ಮಂಟನ್ ಆಯಿಲರ್ಸ್‌ಗೆ 2016-17ರಲ್ಲಿ 42 ಪಂದ್ಯ ಗೆಲ್ಲಿಸಿಕೊಟ್ಟ. ಅವನಿಗಿಂತ ಮೊದಲು ಕೋಚ್ ಡಗ್ ರಾಸ್ ಅವರ ಮಗ ಜ್ಯಾರೆಡ್ ರಾಸ್ ಇದೇ ತಂಡದಲ್ಲಿ ಆಡಿ ಫಿಲಡೆಲ್ಫಿಯಾ ಫ್ಲೈಯರ್ಸ್‌ಗೆ ಹೋಗಿದ್ದ. ಅಲಬಾಮಾದಲ್ಲೇ ಹುಟ್ಟಿ ಬೆಳೆದು ಎನ್‌ಎಚ್‌ಎಲ್ ತಲುಪಿದ ಮೊದಲ ಆಟಗಾರ ಅವನು. ಹಂಟ್ಸ್‌ವಿಲ್‌ನಲ್ಲೇ ಹುಟ್ಟಿದ ನಿಕ್ ಡೌಡ್ ಕಾಲೇಜಿಗೆ ಮಿನ್ನೆಸೋಟದ ಸೇಂಟ್ ಕ್ಲೌಡ್ ಸ್ಟೇಟ್‌ಗೆ ಹೋದ. ಆದರೂ ಬಿಸಿಲ ಊರಿನಲ್ಲಿ ಹುಟ್ಟಿದ ಹುಡುಗನೊಬ್ಬ ಈ ಆಟ ಹಿಡಿದು ಎನ್‌ಎಚ್‌ಎಲ್‌ವರೆಗೆ ಹೋದ ಅನ್ನುವುದು ಆ ಊರಿನ ಬಗ್ಗೆ ಏನೋ ಹೇಳುತ್ತದೆ.

ಅರ್ಜಿ ತಿರಸ್ಕಾರ

2009ರಲ್ಲೇ ಕಾಲೇಜ್ ಹಾಕಿ ಅಮೆರಿಕ ಹೆಚ್ಚು ದಿನ ಇರುವುದಿಲ್ಲ ಅನ್ನುವುದು ಎಲ್ಲರಿಗೂ ಗೊತ್ತಿತ್ತು. ಉಳಿದ ನಾಲ್ವರೂ ಬೇರೆ ಮನೆ ಹುಡುಕತೊಡಗಿದರು. ನಯಾಗರ, ರಾಬರ್ಟ್ ಮಾರಿಸ್ ಎರಡೂ ಪೂರ್ವದ ಅಟ್ಲಾಂಟಿಕ್ ಹಾಕಿ ಎಂಬ ಕಾನ್ಫರೆನ್ಸ್‌ಗೆ ಹೋದವು. ಬಿಮಿಜಿ 2009ರಲ್ಲಿ ಕೊನೆಯ ಶ್ರೇಯಾಂಕದ ತಂಡವಾಗಿ ರಾಷ್ಟ್ರೀಯ ಪಂದ್ಯಾವಳಿಗೆ ಹೋಗಿ, ನೋಟ್ರ್ ಡೇಮ್‌ನ್ನು ಸೋಲಿಸಿ, ದೇಶದ ಕೊನೆಯ ನಾಲ್ಕು ತಂಡಗಳಲ್ಲಿ ಒಂದಾಯಿತು. ಊರಿನಲ್ಲಿ ಅದಕ್ಕೆ ಹೊಸ ಅರೀನಾ ಕಟ್ಟುತ್ತಿದ್ದರು. ಸುತ್ತಮುತ್ತ ಮಿನ್ನೆಸೋಟದ ಬೇರೆ ಹಾಕಿ ಕಾಲೇಜುಗಳು. ಪಶ್ಚಿಮದ ದೊಡ್ಡ ಕಾನ್ಫರೆನ್ಸ್ ಡಬ್ಲ್ಯುಸಿಎಚ್‌ಎ ಅದನ್ನು ಸೇರಿಸಿಕೊಂಡಿತು.

ಹಂಟ್ಸ್‌ವಿಲ್ ಮಿಷಿಗನ್, ಒಹಾಯೊ ಕಡೆಯ ಕಾನ್ಫರೆನ್ಸ್ ಆದ ಸಿಸಿಎಚ್‌ಎಗೆ ಅರ್ಜಿ ಹಾಕಿತು. ಅದು ಬೇಡ ಅಂದಿತು.

ನನ್ನ ಮಟ್ಟಿಗೆ ಈ ಕಥೆಯ ನಿಜವಾದ ತಿರುವು ಇದೇ. 2020 ಅಲ್ಲ, 2021 ಅಲ್ಲ. 2009ರ ಆ ಒಂದು ‘ಬೇಡ’. ಸದಸ್ಯರ ಕಡೆಯಿಂದ ನೋಡಿದರೆ ಕಾರಣ ಅರ್ಥವಾಗುತ್ತದೆ. ಒಂದು ತಂಡವನ್ನು ಸೇರಿಸಿಕೊಂಡರೆ ಎಲ್ಲರೂ ಅಲ್ಲಿಗೆ ಹೋಗಿ ಬರಬೇಕು. ಇಪ್ಪತ್ತೈದು ಮೂವತ್ತು ಜನ, ಮೂಟೆಗಟ್ಟಲೆ ಸಾಮಾನು, ವಿಮಾನ, ಹೋಟೆಲ್. ಹಂಟ್ಸ್‌ವಿಲ್‌ನಿಂದ ಬಿಮಿಜಿಗೆ ನೇರ ಗೆರೆ ಎಳೆದರೇ ಸುಮಾರು 1,600 ಕಿಲೋಮೀಟರ್. ಹತ್ತಿರದಲ್ಲಿ ಬಸ್ಸಿನಲ್ಲಿ ಹೋಗಿಬರುವಂಥ ಇನ್ನೊಂದು ತಂಡ ಇದ್ದಿದ್ದರೆ ಒಂದೇ ಪ್ರಯಾಣದಲ್ಲಿ ಎರಡು ಕಡೆ ಆಡಬಹುದಿತ್ತು. ದಕ್ಷಿಣದಲ್ಲಿ ಅಂಥ ತಂಡ ಇನ್ನೊಂದಿರಲಿಲ್ಲ. ಆಟ ಗೊತ್ತಿಲ್ಲದ ಕಡೆಗೆ ಆಟ ಕೊಂಡೊಯ್ದದ್ದೇ ಅವರಿಗೆ ಮುಳುವಾಯಿತು.

2010ರಲ್ಲಿ ಕಾನ್ಫರೆನ್ಸ್ ಮುಗಿಯಿತು. ಅದೇ ಬೇಸಿಗೆಯಲ್ಲಿ ಕೋಚ್ ಡ್ಯಾಂಟನ್ ಕೋಲ್ ಅಮೆರಿಕದ ಕಿರಿಯರ ರಾಷ್ಟ್ರೀಯ ತಂಡದ ಕೆಲಸಕ್ಕೆ ಹೋದರು. ಟಾಲ್ಬಟ್ ಕೂಡ ಹೋದ. ಹಂಟ್ಸ್‌ವಿಲ್ ಸ್ವತಂತ್ರ ತಂಡವಾಯಿತು. ಸ್ವತಂತ್ರ ಅನ್ನುವುದು ಕೇಳಲು ಚಂದ. ಇಲ್ಲಿ ಅದರ ಅರ್ಥ ಒಂಟಿ. ದೊಡ್ಡ ತಂಡಗಳು ನಿಮ್ಮ ಊರಿಗೆ ಬರುವುದಿಲ್ಲ, ನೀವೇ ಅವರಲ್ಲಿಗೆ ಹೋಗಬೇಕು. ಊರಿನಲ್ಲಿ ಪಂದ್ಯ ಕಡಿಮೆಯಾದರೆ ಟಿಕೆಟ್ ದುಡ್ಡು ಕಡಿಮೆ. ಹೊರಗಿನ ಪಂದ್ಯ ಜಾಸ್ತಿಯಾದರೆ ಖರ್ಚು ಜಾಸ್ತಿ, ಸೋಲೂ ಜಾಸ್ತಿ. ಸೋಲು ಕಂಡ ಹುಡುಗರು ಬೇರೆ ಕಡೆ ನೋಡುತ್ತಾರೆ. 2011-12ರ ಸೀಸನ್‌ನಲ್ಲಿ ಗೆದ್ದದ್ದು ಎರಡೇ ಪಂದ್ಯ.

ಆ ಸೀಸನ್ ನಡೆಯುತ್ತಿರುವಾಗಲೇ, 2011ರ ಅಕ್ಟೋಬರ್‌ನಲ್ಲಿ, ವರ್ಷದ ಕೊನೆಗೆ ತಂಡವನ್ನು ಮತ್ತೆ ಕ್ಲಬ್ ಮಟ್ಟಕ್ಕೆ ಇಳಿಸುವ ಘೋಷಣೆ ಆಯಿತು. ಅಭಿಮಾನಿಗಳು ದುಡ್ಡು ಕೂಡಿಸಿದರು, ಓಡಾಡಿದರು. ವಿಶ್ವವಿದ್ಯಾಲಯಕ್ಕೆ ಹೊಸ ಅಧ್ಯಕ್ಷರಾಗಿ ಬಂದ ರಾಬರ್ಟ್ ಆಲ್ಟನ್‌ಕರ್ಕ್ ಡಿಸೆಂಬರ್‌ನಲ್ಲಿ ಆ ನಿರ್ಧಾರವನ್ನು ಹಿಂದಕ್ಕೆ ಪಡೆದರು. ಮೊದಲ ಸಲ ತಂಡ ಸಾವಿನ ಬಾಯಿಂದ ಬಂದದ್ದು ಹೀಗೆ.

ಪೆನ್ಸಿಲ್ವೇನಿಯದ ದೇಣಿಗೆ ಅಲಬಾಮಾಕ್ಕೆ ಮುಟ್ಟಿದ್ದು

ಆಮೇಲೆ ಬಂದ ಅದೃಷ್ಟಕ್ಕೂ ಹಂಟ್ಸ್‌ವಿಲ್‌ನ ಆಟಕ್ಕೂ ಸಂಬಂಧ ಇಲ್ಲ. 2010ರ ಸೆಪ್ಟೆಂಬರ್‌ನಲ್ಲಿ ಟೆರಿ ಪೆಗುಲಾ ಅನ್ನುವ ಉದ್ಯಮಿ ತಾನು ಓದಿದ ಪೆನ್ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಹಾಕಿಗಾಗಿ 8.8 ಕೋಟಿ ಡಾಲರ್ ಘೋಷಿಸಿದ. ಆಮೇಲೆ ಆ ಮೊತ್ತ 10 ಕೋಟಿ ದಾಟಿತು. ಪೆನ್ ಸ್ಟೇಟ್ ಹೊಸ ತಂಡ ಕಟ್ಟಿತು. ಅದು ಸೇರಿದ್ದರಿಂದ ಬಿಗ್ ಟೆನ್ ಎಂಬ ಬಲಾಢ್ಯ ಗುಂಪಿನಲ್ಲಿ ಹಾಕಿ ಆಡುವ ಕಾಲೇಜುಗಳು ಆರಾದವು. ಒಂದು ಗುಂಪಿನ ಚಾಂಪಿಯನ್‌ಗೆ ರಾಷ್ಟ್ರೀಯ ಪಂದ್ಯಾವಳಿಗೆ ನೇರ ಪ್ರವೇಶ ಸಿಗಲು ಬೇಕಾದದ್ದು ಆರೇ ತಂಡ. ಮಿಷಿಗನ್, ಮಿನ್ನೆಸೋಟ, ವಿಸ್ಕಾನ್ಸಿನ್‌ನಂಥ ದೊಡ್ಡವರು ತಮ್ಮ ಹಳೆಯ ಕಾನ್ಫರೆನ್ಸ್ ಬಿಟ್ಟು ಅಲ್ಲಿಗೆ ಹೋದರು. ಇದನ್ನು ಕಂಡ ನಾರ್ತ್ ಡಕೋಟ, ಡೆನ್ವರ್ ಮೊದಲಾದವರು ಎನ್‌ಸಿಎಚ್‌ಸಿ ಎಂಬ ಇನ್ನೊಂದು ಗುಂಪು ಮಾಡಿಕೊಂಡರು. 2013ರಲ್ಲಿ ಸಿಸಿಎಚ್‌ಎ ಮುಚ್ಚಿಯೇ ಹೋಯಿತು. ನಾಲ್ಕು ವರ್ಷದ ಹಿಂದೆ ಹಂಟ್ಸ್‌ವಿಲ್‌ಗೆ ಬೇಡ ಅಂದಿದ್ದ ಅದೇ ಕಾನ್ಫರೆನ್ಸ್!

ದೊಡ್ಡವರು ಹೋದ ಮೇಲೆ ಡಬ್ಲ್ಯುಸಿಎಚ್‌ಎಯಲ್ಲಿ ಉಳಿದ ಮತ್ತು ಹೊಸದಾಗಿ ಬಂದ ತಂಡಗಳು ಒಂಬತ್ತು. ಹತ್ತನೆಯದಾಗಿ ಹಂಟ್ಸ್‌ವಿಲ್ ಒಳಗೆ ಬಂತು. 2013ರ ಜನವರಿಯಲ್ಲಿ ಒಪ್ಪಿಗೆ, ಆ ವರ್ಷದ ಅಕ್ಟೋಬರ್‌ನಿಂದ ಪಂದ್ಯಗಳು. ಬಿಮಿಜಿ ಜೊತೆ ಮತ್ತೆ ಒಂದೇ ಕಾನ್ಫರೆನ್ಸ್‌ನಲ್ಲಿ ಆಡುವಂತಾಯಿತು.

ಆದರೆ ಮೂರು ವರ್ಷದ ಒಂಟಿತನ ತಂಡವನ್ನು ಒಳಗಿಂದ ಖಾಲಿ ಮಾಡಿತ್ತು. ಮೊದಲ ಸೀಸನ್‌ನಲ್ಲಿ ಮತ್ತೆ ಎರಡೇ ಗೆಲುವು. ಹೊಸ ಕೋಚ್ ಮೈಕ್ ಕಾರ್ಬೆಟ್ ಕೆಳಗಿನಿಂದ ಕಟ್ಟಬೇಕಾಯಿತು. ನಡುವೆ ಸ್ವಲ್ಪ ಸುಧಾರಿಸಿತಾದರೂ 2019-20ರಲ್ಲಿ ಪುನಃ ಎರಡು ಗೆಲುವಿಗೆ ಬಂದು ನಿಂತಿತು. ಈ ಅಂಕಿಗಳನ್ನಷ್ಟೇ ನೋಡಿದವರು ‘ಸೋಲುವ ತಂಡ, ಮುಚ್ಚಿದರೆ ಏನಂತೆ’ ಅನ್ನುತ್ತಾರೆ. ಅದು ಅನ್ಯಾಯ. 2007ರಲ್ಲಿ, 2010ರಲ್ಲಿ ದೇಶದ ದೊಡ್ಡ ತಂಡಗಳ ಎದುರು ಒಂದೇ ಗೋಲಿನಿಂದ ಸೋತವರು ಇವರೇ ಅಲ್ವಾ? ಸೋಲು ಮೊದಲು ಬಂದು ಬಾಗಿಲು ಆಮೇಲೆ ಮುಚ್ಚಿದ್ದಲ್ಲ. ಬಾಗಿಲು ಮೊದಲು ಮುಚ್ಚಿತು.

ಪ್ರಯಾಣದ ಹೊರೆ ಡಬ್ಲ್ಯುಸಿಎಚ್‌ಎಯಲ್ಲಿ ಇನ್ನೂ ಹೆಚ್ಚಾಯಿತು. ಆ ಗುಂಪಿನಲ್ಲಿ ಅಲಾಸ್ಕದ ಎರಡು ತಂಡಗಳಿದ್ದವು, ಆಂಕರೇಜ್ ಮತ್ತು ಫೇರ್‌ಬ್ಯಾಂಕ್ಸ್. ಹಂಟ್ಸ್‌ವಿಲ್‌ನಿಂದ ಫೇರ್‌ಬ್ಯಾಂಕ್ಸ್‌ಗೆ 5,000 ಕಿಲೋಮೀಟರಿಗೂ ಹೆಚ್ಚು. ಅಲಬಾಮಾ ಒಂದು ತುದಿ, ಅಲಾಸ್ಕ ಇನ್ನೊಂದು ತುದಿ, ನಡುವೆ ಉಳಿದ ತಂಡಗಳು. ಮಿನ್ನೆಸೋಟದಿಂದ ಬಿಮಿಜಿ ಮತ್ತು ಮಿನ್ನೆಸೋಟ ಸ್ಟೇಟ್, ಮಿಷಿಗನ್‌ನಿಂದ ಮಿಷಿಗನ್ ಟೆಕ್, ನಾರ್ದರ್ನ್ ಮಿಷಿಗನ್, ಲೇಕ್ ಸುಪೀರಿಯರ್ ಸ್ಟೇಟ್, ಫೆರಿಸ್ ಸ್ಟೇಟ್, ಒಹಾಯೊದಿಂದ ಬೌಲಿಂಗ್ ಗ್ರೀನ್. ಒಟ್ಟು ಏಳು.

2019ರ ಜೂನ್‌ನಲ್ಲಿ ಈ ಏಳೂ ತಂಡಗಳು ಒಟ್ಟಾಗಿ ಹೊರಗೆ ಹೋಗುವುದಾಗಿ ಘೋಷಿಸಿದವು. ಹೆಸರು ಹಳೆಯದೇ, ಸಿಸಿಎಚ್‌ಎ. ಬಿಟ್ಟುಹೋದದ್ದು ಯಾರನ್ನು? ಹಂಟ್ಸ್‌ವಿಲ್, ಆಂಕರೇಜ್, ಫೇರ್‌ಬ್ಯಾಂಕ್ಸ್. ಹತ್ತಿರ ಹತ್ತಿರದವರು ಕೂಡಿ ಆಡಿದರೆ ಖರ್ಚು ಉಳಿಯುತ್ತದೆ ಅನ್ನುವುದು ಅವರ ವಾದ. ಆ ಏಳರಲ್ಲಿ ಯಾವುದೂ ಶ್ರೀಮಂತ ಕಾಲೇಜಲ್ಲ, ಬೌಲಿಂಗ್ ಗ್ರೀನ್‌ನಂಥ ಹಳೆಯ ಚಾಂಪಿಯನ್ ತಂಡವೂ ಹಿಂದೆ ಮುಚ್ಚುವ ಅಂಚಿಗೆ ಹೋಗಿ ಬಂದಿತ್ತು. ಅವರ ಭಯ ಸುಳ್ಳಲ್ಲ. ಆದರೂ ಬಡವರು ಸೇರಿ ಇನ್ನೂ ಬಡವರನ್ನು ಹೊರಗಿಟ್ಟದ್ದು ನೋಡಲು ಕಷ್ಟವಾಗುತ್ತದೆ.

2020ರ ಆ ಏಳೂವರೆ ಲಕ್ಷ ಡಾಲರ್ ಬಂದದ್ದು ಇದಾದ ಮೇಲೆ. ಅಂದರೆ ಜನ ದುಡ್ಡು ಕೊಟ್ಟಾಗಲೇ ತಂಡದ ಕಾನ್ಫರೆನ್ಸ್‌ಗೆ ಉಳಿದದ್ದು ಒಂದೇ ಸೀಸನ್. ಕೊಟ್ಟವರಿಗೆ ಅದು ಗೊತ್ತಿತ್ತು. ಒಂದು ವರ್ಷದ ಸಮಯ ಕೊಂಡುಕೊಂಡು, ಅಷ್ಟರಲ್ಲಿ ಹೊಸ ಮನೆ ಹುಡುಕೋಣ ಅನ್ನುವುದು ಲೆಕ್ಕ. ಹಳೆಯ ಆಟಗಾರ ಲ್ಯಾನ್ಸ್ ವೆಸ್ಟ್ ಕೋಚ್ ಆದರು. ಕೊರೊನಾ ನಡುವೆ ತಂಡ ಆಡಿತು. ಮನೆ ಸಿಗಲಿಲ್ಲ. ಕಾನ್ಫರೆನ್ಸ್ ಸಿಗುವವರೆಗೆ ತಂಡವನ್ನು ನಿಲ್ಲಿಸುತ್ತೇವೆ ಎಂದು ವಿಶ್ವವಿದ್ಯಾಲಯ ಹೇಳಿತು.

ಸ್ವತಂತ್ರ ತಂಡವಾಗಿಯೇ ಮುಂದುವರಿಯಬಹುದಿತ್ತಲ್ಲ ಎಂದು ಕೇಳಬಹುದು. ಕೆಲವರು ಹಾಗೆ ಬದುಕಿದ್ದಾರೆ. ಅರಿಜೋನ ಸ್ಟೇಟ್ ಅದಕ್ಕಿಂತ ಬಿಸಿಯಾದ ಮರುಭೂಮಿಯ ಊರಿನದು. 2015ರಲ್ಲಿ ಕ್ಲಬ್‌ನಿಂದ ಡಿವಿಷನ್ ಒಂದಕ್ಕೆ ಏರಿ, ಸ್ವತಂತ್ರವಾಗಿ ಆಡುತ್ತಲೇ 2019ರಲ್ಲಿ ರಾಷ್ಟ್ರೀಯ ಪಂದ್ಯಾವಳಿಗೆ ಹೋಯಿತು. 2022ರಲ್ಲಿ ಹೊಸ ಅರೀನಾ ಕಟ್ಟಿತು. 2024ರಲ್ಲಿ ಎನ್‌ಸಿಎಚ್‌ಸಿ ಸೇರಿತು. ಆದರೆ ಅದು ಬಹಳ ದೊಡ್ಡ ವಿಶ್ವವಿದ್ಯಾಲಯ, ಹಿಂದೆ ದೊಡ್ಡ ದಾನಿಗಳಿದ್ದರು. ಆಂಕರೇಜ್ ಕಥೆ ಹಂಟ್ಸ್‌ವಿಲ್‌ಗೆ ಇನ್ನೂ ಹತ್ತಿರ. 2020ರಲ್ಲಿ ಅದರ ತಂಡವನ್ನೂ ಕೈಬಿಡಲು ತೀರ್ಮಾನಿಸಿದರು. ಎರಡು ವರ್ಷದ ಖರ್ಚು, ಸುಮಾರು 30 ಲಕ್ಷ ಡಾಲರ್ ತಂದರೆ ತಂಡವನ್ನು ಉಳಿಸುತ್ತೇವೆ ಎಂದರು. ಊರಿನವರು 2021ರ ಆಗಸ್ಟ್ ಹೊತ್ತಿಗೆ ಅಷ್ಟನ್ನೂ ತಂದರು. 2022ರಲ್ಲಿ ತಂಡ ಸ್ವತಂತ್ರವಾಗಿ ಮತ್ತೆ ಆಡಿತು. ರಾಬರ್ಟ್ ಮಾರಿಸ್ ಕೂಡ 2021ರ ಮೇ ತಿಂಗಳಲ್ಲೇ ಪುರುಷರ, ಮಹಿಳೆಯರ ಎರಡೂ ತಂಡ ಮುಚ್ಚಿ, 2023ರಲ್ಲಿ ಮತ್ತೆ ಶುರುಮಾಡಿತು.

ಆಂಕರೇಜ್‌ಗೆ ಒಂದು ಅನುಕೂಲ ಇತ್ತು. ಅದೇ ರಾಜ್ಯದಲ್ಲಿ ಫೇರ್‌ಬ್ಯಾಂಕ್ಸ್ ಇದೆ. ಒಬ್ಬರಿಗೊಬ್ಬರು ಪಂದ್ಯ ಕೊಡಬಹುದು, ಹೊರಗಿನಿಂದ ಬಂದವರು ಒಂದೇ ಪ್ರವಾಸದಲ್ಲಿ ಇಬ್ಬರ ಮೇಲೂ ಆಡಬಹುದು. ರಾಬರ್ಟ್ ಮಾರಿಸ್ ಇರುವುದು ಪಿಟ್ಸ್‌ಬರ್ಗ್ ಹತ್ತಿರ, ಕಾನ್ಫರೆನ್ಸ್ ಬಾಗಿಲು ತೆರೆದೇ ಇತ್ತು. ಹಂಟ್ಸ್‌ವಿಲ್‌ಗೆ ಅಕ್ಕಪಕ್ಕದಲ್ಲಿ ಯಾರೂ ಇರಲಿಲ್ಲ.

ಒಂದು ವಿಷಯವನ್ನು ಸ್ಪಷ್ಟ ಮಾಡಬೇಕು. ಊರಿಗೆ ಹಾಕಿ ಬೇಡವಾಗಿತ್ತು ಅನ್ನುವುದು ನಿಜವಲ್ಲ. ಹಂಟ್ಸ್‌ವಿಲ್ ಹ್ಯಾವಕ್ ಎಂಬ ವೃತ್ತಿಪರ ತಂಡ 2004ರಿಂದ, ಚಾರ್ಜರ್ಸ್ ಆಡುತ್ತಿದ್ದ ಅದೇ ಫಾನ್ ಬ್ರೌನ್ ಸೆಂಟರ್ ಎಂಬ ಅರೀನಾದಲ್ಲಿ ಆಡುತ್ತಿದೆ. ಜನ ಸಾವಿರಗಟ್ಟಲೆ ಬರುತ್ತಾರೆ. 2018ರಲ್ಲೂ 2019ರಲ್ಲೂ ಅದು ತನ್ನ ಲೀಗ್ ಗೆದ್ದಿತು. ವ್ಯತ್ಯಾಸ ಇಷ್ಟೇ: ಹ್ಯಾವಕ್ ಆಡುವ ಲೀಗ್‌ನಲ್ಲಿ ದಕ್ಷಿಣದ ಊರುಗಳೇ ಹೆಚ್ಚು. ಬಸ್ಸು ಹತ್ತಿದರೆ ಎದುರಾಳಿಯ ಊರು ಸಿಗುತ್ತದೆ. ಅದೇ ಊರು, ಅದೇ ಮಂಜು, ಅದೇ ಪ್ರೇಕ್ಷಕರು. ಒಂದು ತಂಡಕ್ಕೆ ನೆರೆಹೊರೆ ಇದೆ, ಇನ್ನೊಂದಕ್ಕೆ ಇರಲಿಲ್ಲ.

ಹಾಗಾದರೆ ಚಾರ್ಜರ್ಸ್ ಮತ್ತೆ ಬರಬೇಕಾದರೆ ಏನಾಗಬೇಕು? ಒಂದು ಸಲದ ದೇಣಿಗೆ ಸಾಲುವುದಿಲ್ಲ ಅನ್ನುವುದು ಎರಡು ಸಲ ಗೊತ್ತಾಗಿದೆ. ಬಡ್ಡಿಯಿಂದಲೇ ತಂಡ ನಡೆಯುವಷ್ಟು ದೊಡ್ಡ ಶಾಶ್ವತ ನಿಧಿ ಬೇಕು, ಅದು ಇಲ್ಲದೆ ಯಾವ ಕಾನ್ಫರೆನ್ಸೂ ನಂಬುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ದಕ್ಷಿಣದಲ್ಲಿ ಇನ್ನೂ ಒಂದೆರಡು ವಿಶ್ವವಿದ್ಯಾಲಯಗಳು ಡಿವಿಷನ್ ಒಂದರ ಹಾಕಿ ಶುರುಮಾಡಬೇಕು. ನ್ಯಾಶ್‌ವಿಲ್‌ನಂಥ ಊರುಗಳಲ್ಲಿ ಎನ್‌ಎಚ್‌ಎಲ್ ತಂಡ ಬಂದು ಕಾಲು ಶತಮಾನವಾಯಿತು, ಮಕ್ಕಳು ಸ್ಕೇಟಿಂಗ್ ಕಲಿಯುತ್ತಿದ್ದಾರೆ. ಜೊತೆಗೆ 2025ರಿಂದ ಕೆನಡಾದ ಮೇಜರ್ ಜೂನಿಯರ್ ಲೀಗ್‌ಗಳಲ್ಲಿ ಆಡಿದವರೂ ಅಮೆರಿಕದ ಕಾಲೇಜು ತಂಡ ಸೇರಬಹುದು. ಮೊದಲು ಅವರಿಗೆ ಆ ಅವಕಾಶ ಇರಲಿಲ್ಲ. ಆಟಗಾರರ ಕೊರತೆ ಇನ್ನು ಸಣ್ಣ ತಂಡಕ್ಕೂ ಅಷ್ಟಾಗಿ ಕಾಡುವುದಿಲ್ಲ. ಆದರೆ ಅದೇ ವರ್ಷದಿಂದ ಕಾಲೇಜುಗಳು ಆಟಗಾರರಿಗೆ ನೇರವಾಗಿ ಹಣ ಕೊಡಬಹುದಾದ್ದರಿಂದ ಖರ್ಚಿನ ಪೈಪೋಟಿಯೂ ಏರಿದೆ. ಹಂಟ್ಸ್‌ವಿಲ್‌ನಲ್ಲಿ ಈ ತಂಡಕ್ಕಾಗಿ ಎರಡು ಸಲ ದುಡ್ಡು ಕೂಡಿಸಿದ ಜನ ಇದ್ದಾರೆ. ಅವರ ಮುಂದೆ ಈಗ ಇರುವ ಕೆಲಸ ಆ ದುಡ್ಡಿಗಿಂತ ಕಷ್ಟದ್ದು: ಆರು ತಂಡಗಳ ಹೊಸ ಗುಂಪು ಕಟ್ಟಲು ಇನ್ನೂ ಐದು ಕಾಲೇಜುಗಳನ್ನು ಹುಡುಕುವುದು, ಇಲ್ಲವೇ ಈಗಿರುವ ಯಾವುದಾದರೂ ಗುಂಪು ಆ ದೂರದ ಖರ್ಚನ್ನು ಒಪ್ಪುವಂತೆ ಮಾಡುವುದು.